ಹಳೆಯ ಟಿ.ವಿ.ಯೂ 150 ರೂಪಾಯಿಯೂ

ಮಾನ್ಯರೇ,

ಕಳೆದ ಸಂಚಿಕೆಯ ಇ-ತ್ಯಾಜ್ಯದ ಲೇಖನ ಓದಿ ನೀವು ಬರೆದ ಪತ್ರದಲ್ಲಿ ಸಿಟ್ಟೂ ಇದೆ, ಅಳುಕೂ ಇದೆ. ಹಳೆಯ ಡಬ್ಬಾ ಟಿ.ವಿ.ಯನ್ನು ಒಯ್ಯಿರೆಂದು ಅಧಿಕೃತ ಮರುಬಳಕೆ ಘಟಕವೊಂದಕ್ಕೆ ಫೋನ್ ಮಾಡಿದಿರಿ. ಒಂದೇ ಟಿ.ವಿ.ಗೆ ವಾಹನ ಕಳುಹಿಸಲಾಗದು ಎಂದರು. ಕೊನೆಗೆ ಬೀದಿಗೆ ಬಂದ ಗುಜರಿಯವರಿಗೆ 150 ರೂಪಾಯಿಗೆ ಕೊಟ್ಟಿರಿ. ‘ತಪ್ಪು ನನ್ನದೋ, ಗುಜರಿಯವರದೋ?’ ಎಂಬುದು ನಿಮ್ಮ ಪ್ರಶ್ನೆ.

ಇಬ್ಬರದೂ ಅಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ನಿಮ್ಮ ಟಿ.ವಿ. ಮುಂದೇನಾಗುತ್ತದೆ ಎಂದು ಹೇಳದಿದ್ದರೆ ಜಾರಿಕೊಂಡಂತಾಗುತ್ತದೆ.

ತಳ್ಳುಗಾಡಿಯವರು ಅದನ್ನು ಬಿಚ್ಚುವ ಗೋಜಿಗೆ ಹೋಗುವುದಿಲ್ಲ, ದೊಡ್ಡ ಗುಜರಿ ಅಂಗಡಿಗೆ ಹಾಕುತ್ತಾರೆ. ಅಲ್ಲಿ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಯನ್ನು ಮೊದಲು ಕೀಳುತ್ತಾರೆ. ಕಾಸು ಹುಟ್ಟುವುದು ಅದರಲ್ಲಿ. ಸೀಸ ಬೆರೆತ ಗಾಜು ಯಾರಿಗೂ ಬೇಡ. ಅದು ಒಡೆದು ಮೋರಿಯ ಬದಿ ಸೇರುವುದೇ ಹೆಚ್ಚು.

ಮೈಸೂರು ರಸ್ತೆಯ ಬದಿಯ ಶೆಡ್ಡೊಂದರಲ್ಲಿ ಇಂಥ ಉಪಕರಣಗಳ ಒಳಗಿನ ಸರ್ಕ್ಯೂಟ್ ಬೋರ್ಡ್ ಬಿಡಿಸುವುದನ್ನು ನಾನು ಕಂಡಿದ್ದೇನೆ. ಯುವಕನೊಬ್ಬ ಕಾದ ತಗಡಿನ ಮೇಲೆ, ರೊಟ್ಟಿ ಹಾಕಿದ ಹಾಗೆ, ಬೋರ್ಡನ್ನು ಇಟ್ಟಿದ್ದ. ಬೆಸುಗೆ ಕರಗುತ್ತಲೇ ಚಿಪ್‌ಗಳನ್ನು ಇಕ್ಕಳದಿಂದ ಎತ್ತಿ ಬಗೆಬಗೆಯ ಡಬ್ಬಿಗಳಿಗೆ ಹಾಕುತ್ತಿದ್ದ. ಕೈ ಒಮ್ಮೆಯೂ ತಡವರಿಸಲಿಲ್ಲ. ಹೊಗೆ ಎದ್ದಾಗ ಮುಖವನ್ನು ಪಕ್ಕಕ್ಕೆ ಹೊರಳಿಸುತ್ತಿದ್ದ. ಅವನಿಗಿದ್ದ ರಕ್ಷಣೆ ಅಷ್ಟೇ. ಇಂಥ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕಸುಬು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ದೊಡ್ಡದು. ಅಲ್ಲಿನ ಕರಿಬೂದಿ ರಾಮಗಂಗಾ ನದಿಯ ದಡ ಸೇರಿದ ವಿಚಾರ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತ್ತು.

ಹಾಗಾದರೆ ಕಾನೂನು? 2016ರ ಇ-ತ್ಯಾಜ್ಯ ನಿಯಮಗಳಲ್ಲಿ ಸಂಗ್ರಹ ಕೇಂದ್ರಕ್ಕೂ ಬಿಡಿಭಾಗ ಬೇರ್ಪಡಿಸುವವರಿಗೂ ಹೆಸರಿತ್ತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ನೋಂದಣಿಗೆ ನಾಲ್ಕೇ ವರ್ಗ: ತಯಾರಿಸುವವರು, ತಮ್ಮ ಬ್ರ್ಯಾಂಡಿನಲ್ಲಿ ಮಾರುವವರು, ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರು, ಮರುಬಳಕೆ ಘಟಕದವರು. ಮನೆಮನೆಗೆ ಬಂದು, ಮೂರನೇ ಮಹಡಿಯಿಂದ ಟಿ.ವಿ. ಹೊತ್ತಿಳಿಸುವವರಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಕಂಪನಿಗಳು ಹಳೆಯ ಸರಕನ್ನು ಮರುಬಳಕೆ ಮಾಡಿಸುವ ತಮ್ಮ ಪಾಲಿನ ಹೊಣೆ ತೀರಿಸಲು ಮರುಬಳಕೆ ಘಟಕಗಳಿಂದ ಪ್ರಮಾಣಪತ್ರ ಕೊಳ್ಳುತ್ತವೆ. ಅದರ ಲೆಕ್ಕ ನಿಂತಿರುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಮೇಲೆ. ಗುಜರಿಯವರೂ ಕೀಳುವುದು ಇವನ್ನೇ ಅಲ್ಲವೇ! ಸೀಸದ ಗಾಜು ಅಲ್ಲೂ ಲೆಕ್ಕಕ್ಕಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಮುಂದಿನ ಸಲ ಫ್ಯಾನ್, ಇಸ್ತ್ರಿಪೆಟ್ಟಿಗೆ ಧಾರಾಳವಾಗಿ ಗುಜರಿಗೆ ಹಾಕಿ. ಡಬ್ಬಾ ಟಿ.ವಿ., ಟ್ಯೂಬ್‌ಲೈಟ್, ಬ್ಯಾಟರಿ, ಮೊಬೈಲ್ ಬೇಡ. ಇವನ್ನು ನೆರೆಹೊರೆಯ ಹತ್ತಾರು ಮನೆಯವರು ಒಟ್ಟುಗೂಡಿಸಿ ಅದೇ ಘಟಕಕ್ಕೆ ಮತ್ತೆ ಫೋನ್ ಮಾಡಿ ನೋಡಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಅಷ್ಟು ದಿನ ಮನೆಯೊಳಗೆ ಇಟ್ಟುಕೊಳ್ಳಬೇಡಿ. ನನ್ನ ಮೇಜಿನ ಡ್ರಾಯರಿನಲ್ಲೇ ಮೂರು ಸತ್ತ ಮೊಬೈಲುಗಳಿವೆ, ಹಾಗಾಗಿ ಉಪದೇಶ ಇಷ್ಟಕ್ಕೇ ಸಾಕು.

ಆ 150 ರೂಪಾಯಿಯ ಬಗ್ಗೆ ಅಳುಕು ಬೇಡ. ಅದು ತಾಮ್ರದ ಬೆಲೆ. ಗಾಜಿಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ.

— ಸಂಪಾದಕ