ಹತ್ತು ಕೋಟಿ ವರ್ಷದ ಕೆಸರು, ಏಳನೆಯ ಟ್ಯೂಬು

ಪ್ರಶ್ನೆ: ಸಮುದ್ರತಳದ 10 ಕೋಟಿ ವರ್ಷ ಹಳೆಯ ಮಣ್ಣಿನಿಂದ ಬ್ಯಾಕ್ಟೀರಿಯಾ ತೆಗೆದು ಎಬ್ಬಿಸಿದ್ದಾರಂತೆ. ನನಗೆ ನಂಬಿಕೆ ಬರುತ್ತಿಲ್ಲ ಮೇಡಂ. ತೆಗೆಯುವಾಗ ಮೇಲಿನ ನೀರಿನದೋ, ಯಾರದೋ ಕೈಯದೋ ಸೇರಿಕೊಂಡಿರಬಹುದು ಅಲ್ವಾ?

ಉತ್ತರ: ಇದನ್ನೇ ಮೊದಲು ಕೇಳಬೇಕು. ನಾನು ಕೆಸರಿನ ಲ್ಯಾಬಿಗೆ ಸೇರಿದ ಹೊಸದರಲ್ಲಿ, ಆಳದ ಕೆಸರು ಹಾಕಿಟ್ಟ ಆರು ಟ್ಯೂಬುಗಳು ಎರಡೇ ದಿನದಲ್ಲಿ ಹಾಲಿನ ಹಾಗೆ ಬೆಳ್ಳಗಾದವು. ನನಗೋ ಕುಣಿಯುವಷ್ಟು ಖುಷಿ. ಆಮೇಲೆ ಪಕ್ಕದ ಏಳನೆಯ ಟ್ಯೂಬು ನೋಡಿದೆ. ಹೋಲಿಸಿ ನೋಡಲಿಕ್ಕೆಂದು ಕೆಸರು ಹಾಕದೆ ಇಟ್ಟಿದ್ದು. ಅದೂ ಬೆಳ್ಳಗಾಗಿತ್ತು! ಅಷ್ಟು ಹೊತ್ತು ನಾನು ಸಾಕಿದ್ದು ನನ್ನದೇ ಬೆರಳಿನ ಬ್ಯಾಕ್ಟೀರಿಯಾ.

ಹಡಗಿನಲ್ಲಿ ಈ ಕಾಟ ಇನ್ನೂ ಜಾಸ್ತಿ. ಕೊರೆಯುವಾಗ ಒಳಗೆ ಬಿಡುವುದು ಸಮುದ್ರದ ನೀರನ್ನೇ. ಮೇಲ್ಪದರದ ನೀರಿನ ಒಂದು ಮಿಲಿಲೀಟರಿನಲ್ಲೇ ಲಕ್ಷಗಟ್ಟಲೆ ಜೀವಕೋಶ ಇರುತ್ತವೆ. ಅದಕ್ಕೇ ಆ ನೀರಿಗೆ, ಕೆಸರಿನಲ್ಲಿ ತಾನಾಗಿ ಎಂದೂ ಇರದ ಒಂದು ರಾಸಾಯನಿಕ ಬೆರೆಸುತ್ತಾರೆ. ಕೊಳವೆಯಲ್ಲಿ ಬಂದ ಕೆಸರಿನ ಹೊರಭಾಗ ಕೆತ್ತಿ ಬಿಸಾಕಿ, ಒಳತಿರುಳಲ್ಲಿ ಆ ರಾಸಾಯನಿಕ ಇದೆಯಾ ನೋಡುತ್ತಾರೆ. ಇದ್ದರೆ ಹೊರಗಿನ ನೀರು ನುಗ್ಗಿದೆ ಅಂತ ಲೆಕ್ಕ. ಆ ತುಂಡು ಕಸಕ್ಕೆ.

ನೀವು ಓದಿದ್ದು ದಕ್ಷಿಣ ಪೆಸಿಫಿಕ್ ನಡುವಿನ ಕೆಸರಿನ ಸುದ್ದಿ. 2010ರಲ್ಲಿ ತೆಗೆದದ್ದು, 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲಸ ನಡೆಸಿದ್ದು ಜಪಾನಿನ ಯೂಕಿ ಮೊರೊನೊ ಮತ್ತು ಸಂಗಡಿಗರು. ಅಲ್ಲಿ ಒಂದೆರಡು ಮೀಟರ್ ಕೆಸರು ಕೂರಲು 10 ಲಕ್ಷ ವರ್ಷ ಬೇಕು. ಅತಿ ಹಳೆಯ ಪದರಕ್ಕೆ 10.15 ಕೋಟಿ ವರ್ಷ. ಅವರು ಕೆಸರಿಗೆ ಗುರುತು ಹಾಕಿದ ಊಟ ಕೊಟ್ಟರು. ಅಂದರೆ ಮಾಮೂಲಿಗಿಂತ ಭಾರದ ಇಂಗಾಲ ಮತ್ತು ನೈಟ್ರೋಜನ್ ಇರುವ ಆಹಾರ. ಸತ್ತದ್ದು ತಿನ್ನುವುದಿಲ್ಲವಲ್ಲ. ತಿಂದದ್ದರ ಮೈಯೊಳಗೆ ಆ ಭಾರದ ಪರಮಾಣು ಸಿಗಬೇಕು. ಸಿಕ್ಕಿತು. 68 ದಿನದಲ್ಲಿ ಕೆಲವು ಕಡೆ ಸಂಖ್ಯೆ ಸಾವಿರ ಪಟ್ಟಿಗೂ ಮಿಕ್ಕಿ ಏರಿತು.

ಒಂದೇ ಜೀವಿ ಅಷ್ಟು ವರ್ಷ ಕೂತಿತ್ತಾ ಅಂದರೆ, ನಾನು ಹಾಗೆ ಹೇಳಲಾರೆ. ಅಪರೂಪಕ್ಕೊಮ್ಮೆ ಒಡೆದು ಎರಡಾಗಿರಬಹುದು. ನಮ್ಮ ಹೊಟ್ಟೆಯಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಅನುಕೂಲ ಇದ್ದರೆ ಎರಡಾಗಲು 20 ನಿಮಿಷ ಸಾಕು. ಆಳದ ಕೆಸರಿನಲ್ಲಿ ಇದಕ್ಕೆ ನೂರಾರು, ಸಾವಿರಾರು ವರ್ಷ ಎಂಬ ಅಂದಾಜಿದೆ. ಸಿಕ್ಕ ಚೂರುಪಾರು ಶಕ್ತಿಯೆಲ್ಲ ಮೈ ರಿಪೇರಿಗೇ ಸರಿಹೋಗುತ್ತದೆ. ಜಾಗ ಬದಲಿಸುವ ಹಾಗೂ ಇಲ್ಲ, ಜೇಡಿಯ ಕಣಗಳ ಸಂದು ಅವುಗಳ ಮೈಗಿಂತ ಕಿರಿದು.

ಅಂದಹಾಗೆ, ಅನುಮಾನ ಅತಿಯಾದರೂ ಎಡವಟ್ಟೇ. 1955ರಲ್ಲಿ ಮೊರಿಟ ಮತ್ತು ಜೊಬೆಲ್ ಎಂಬ ಇಬ್ಬರು, ಸಮುದ್ರದ ಕೆಸರಿನಲ್ಲಿ 7.47 ಮೀಟರಿಗೆ ಜೀವ ಮುಗಿಯಿತು ಅಂದುಬಿಟ್ಟಿದ್ದರು. ಅದರ ಕೆಳಗಿನದು ಅವರ ಲ್ಯಾಬಿನಲ್ಲಿ ಬೆಳೆಯಲಿಲ್ಲ, ಅಷ್ಟೇ. ದಶಮಾಂಶದ ಎರಡು ಸ್ಥಾನದವರೆಗೆ ಲೆಕ್ಕ ಕೊಟ್ಟದ್ದು ನೆನೆದರೆ ನನಗೆ ಈಗಲೂ ನಗು.

ಪ್ರಶ್ನೆ: ಹಾಗಾದರೆ ನಿಜವಾಗಿ ಎಷ್ಟು ಆಳದವರೆಗೆ ಇವೆ?

ಉತ್ತರ: 2012ರಲ್ಲಿ ಚಿಕ್ಯು ಎಂಬ ಹಡಗು ಜಪಾನಿನ ಶಿಮೊಕಿಟ ಬಳಿ ಸಮುದ್ರತಳದಿಂದ 2,466 ಮೀಟರ್ ಕೆಳಗಿನವರೆಗೆ ಕೊರೆಯಿತು. ಅಷ್ಟು ಆಳದ ಕಲ್ಲಿದ್ದಲು ಪದರಗಳಲ್ಲೂ ಸಿಕ್ಕವು, ತೀರಾ ಕಡಿಮೆ. ಆಳಕ್ಕಿಂತ ಬಿಸಿಯೇ ಇವಕ್ಕೆ ದೊಡ್ಡ ತೊಡಕು. ಆದರೆ ಜಪಾನಿನ ಬಳಿಯೇ ಸಮುದ್ರದಡಿಯ ನಾಂಕಾಯ್ ಕಂದಕದಲ್ಲಿ 100ರಿಂದ 120 ಡಿಗ್ರಿ ಬಿಸಿಯ ಕೆಸರಿನಲ್ಲೂ ಅಸಿಟೇಟ್ (ವಿನೆಗರಿನ ಹುಳಿಯ ಒಂದು ರೂಪ) ತಿಂದು ಬದುಕುವವು ಇವೆ.

ಪ್ರಶ್ನೆ: ಬೆಳಕಿಲ್ಲ, ಗಾಳಿಯಿಲ್ಲ. ಏನು ತಿಂದು, ಏನು ಉಸಿರಾಡಿ ಬದುಕುತ್ತವೆ?

ಉತ್ತರ: ಗಾಳಿ ಎಲ್ಲ ಕಡೆಯೂ ಇಲ್ಲ ಅನ್ನುವ ಹಾಗಿಲ್ಲ. ಮೇಲೆ ಹೇಳಿದ ದಕ್ಷಿಣ ಪೆಸಿಫಿಕ್ ಕೆಸರಿನಲ್ಲಿ ತಳದವರೆಗೂ ಆಮ್ಲಜನಕ ಇದೆ, ಯಾಕೆಂದರೆ ತಿಂದು ಖರ್ಚು ಮಾಡುವವರೇ ಕಡಿಮೆ. ಅಲ್ಲಿ ಊಟವೂ ವಿಚಿತ್ರ. ಕೆಸರಿನಲ್ಲಿ ಸಹಜವಾಗಿರುವ ಯುರೇನಿಯಂ, ಥೋರಿಯಂಗಳ ವಿಕಿರಣ ನೀರನ್ನು ಒಡೆದು ಹೈಡ್ರೋಜನ್ ಬಿಡಿಸುತ್ತದೆ. ಅದೂ ಆಹಾರವೇ.

ದಡದ ಹತ್ತಿರ ಕಥೆ ಬೇರೆ. ಸತ್ತ ಪಾಚಿ ಧಾರಾಳ, ಹಾಗಾಗಿ ಆಮ್ಲಜನಕ ಕೆಲವು ಮಿಲಿಮೀಟರಿನಲ್ಲೇ ಖಾಲಿ. ಆಮೇಲೆ ಆಮ್ಲಜನಕದ ಬದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಹೀಗೆ ಒಂದಾದ ಮೇಲೊಂದನ್ನು 'ಉಸಿರಾಡುತ್ತವೆ'. ಸಲ್ಫೇಟಿನ ಸರದಿ ಬಂದದ್ದು ಮೂಗಿಗೇ ಗೊತ್ತಾಗುತ್ತದೆ, ಕೊಳೆತ ಮೊಟ್ಟೆಯ ನಾತ. ಅಂಥ ಕೊಳವೆಯನ್ನು ನಾನು ಮೊದಲ ಸಲ ಉದ್ದಕ್ಕೆ ಸೀಳಿದಾಗ ಮೇಲೆ ಕಂದು ಬಣ್ಣದ ತೆಳು ಪದರ, ಕೆಳಗೆಲ್ಲ ಕಾಡಿಗೆ ಕಪ್ಪು. ಕಬ್ಬಿಣಕ್ಕೆ ಗಂಧಕ ಸೇರಿ ಆದ ಕಪ್ಪು ಅದು. ಚಾಕು ಒರೆಸಿಟ್ಟು, ಕ್ಯಾಮೆರಾ ಹುಡುಕಿ ತರುವಷ್ಟರಲ್ಲಿ ಗಾಳಿ ತಾಗಿ ಮೇಲ್ಮೈ ಕಂದಾಗಲು ಶುರುವಾಗಿತ್ತು. ಫೋಟೋಗಾಗಿ ಇನ್ನೊಂದು ತೆಳು ಪದರ ಕೆರೆಯಬೇಕಾಯಿತು.