ಕಬಡ್ಡಿ ಪ್ರಶ್ನೋತ್ತರ: ಮೂರನೇ ರೈಡಿಗೆ ಯಾರು ಬರ್ತಾರೆ ಅಂತ ಎದುರಾಳಿಗೂ ಗೊತ್ತು!

ಮಂಡ್ಯ, ಮೈಸೂರು ಕಡೆಯ ಓದುಗರು ಈ ಸಲ ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ. ನಮ್ಮ ತಂಡ ಅದೇ ರೈಡರನ್ನು (ಎದುರಾಳಿಯ ಅಂಗಳಕ್ಕೆ ದಾಳಿಗೆ ಹೋಗುವವನನ್ನು), ಅದೇ ಹೊತ್ತಿಗೆ, ಅದೇ ಮೂಲೆಗೆ ಕಳಿಸಿ ಸೋಲುತ್ತಿದೆ ಎಂಬ ದೂರು. ಅದಕ್ಕೇ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮೂರ ತಂಡದಲ್ಲಿ ಮೂವರು ರೈಡರ್‌ಗಳು. ಮೊದಲು ಕ್ಯಾಪ್ಟನ್, ಆಮೇಲೆ ಗಿಡ್ಡ ಹುಡುಗ, ಆಮೇಲೆ ಉದ್ದದ ಹುಡುಗ. ಜಾತ್ರೆ ಟೂರ್ನಮೆಂಟಿನಲ್ಲೂ ಇದೇ, ಜಿಲ್ಲಾ ಮಟ್ಟದಲ್ಲೂ ಇದೇ. ಮೊದಲಿಬ್ಬರು ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) ದಾಟಿ, ಯಾರನ್ನೂ ಮುಟ್ಟದೆ ವಾಪಸ್ ಬರ್ತಾರೆ. ಉದ್ದದವನು ಡು ಆರ್ ಡೈಗೆ ಹೋಗಿ, 25 ಸೆಕೆಂಡ್ ಆಚೀಚೆ ಓಡಾಡಿ, ಕೊನೆಗೆ ಮೂಲೆಗೆ ಕಾಲು ಚಾಚಿ ಸಿಕ್ಕಿಬೀಳ್ತಾನೆ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಅಂದ ಹಾಗೆ. ಹೊರಗೆ ಕೂತ ನಮಗೇ ಮುಂದೇನು ಅಂತ ಗೊತ್ತಾಗುತ್ತೆ. ಇದನ್ನ ಸರಿಮಾಡೋಕೆ ಆಗೋದೇ ಇಲ್ವಾ ಸ್ವಾಮಿ?
— ಅಭಿಮಾನಿಗಳು, ಮದ್ದೂರು ತಾಲ್ಲೂಕು

ಉತ್ತರ: ಖಂಡಿತ ಆಗುತ್ತದೆ. ಆದರೆ ಉದ್ದದ ಹುಡುಗನನ್ನು ಬೈಯುವ ಮುಂಚೆ ಒಂದು ಲೆಕ್ಕ ನೋಡಿ. ಸತತ ಎರಡು ರೈಡ್ ಪಾಯಿಂಟ್ ಇಲ್ಲದೆ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಅದರಲ್ಲಿ ಪಾಯಿಂಟ್ ಬರದಿದ್ದರೆ ರೈಡರ್ ಔಟ್, ಎದುರಾಳಿಗೆ 1 ಪಾಯಿಂಟ್. ಮೂವರನ್ನು ಒಂದೇ ಸರದಿಯಲ್ಲಿ ಕಳಿಸಿ, ಮೊದಲಿಬ್ಬರು ಖಾಲಿ ಬರುತ್ತಿದ್ದರೆ, ಡು ಆರ್ ಡೈ ಪ್ರತಿ ಸಲವೂ ಮೂರನೆಯವನ ಹೆಗಲಿಗೇ ಬೀಳುತ್ತದೆ. ಅವನ ರೈಡ್ ಮುಗಿದ ಕೂಡಲೇ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅವನು ಅಂಕಣದಲ್ಲಿ ಇರುವಷ್ಟು ಹೊತ್ತೂ ಒಂದು, ಎರಡು, ಮತ್ತೆ ಅವನೇ. ಸಾಮಾನ್ಯವಾಗಿ ಮೂರನೇ ಸರದಿಗೆ ಇಡುವುದು ಅನುಭವ ಕಡಿಮೆ ಇರುವವನನ್ನು. ಅಂದರೆ ಎಲ್ಲಕ್ಕಿಂತ ಕಷ್ಟದ ರೈಡನ್ನು ತಂಡವೇ ತನ್ನ ಎಳೆಯ ರೈಡರ್‌ಗೆ ಬರೆದುಕೊಟ್ಟ ಹಾಗಾಯಿತು. ತಪ್ಪಿರುವುದು ಸರದಿಯಲ್ಲಿ.

ಮೊದಲು ಬದಲಾಗಬೇಕಾದ್ದು ಎರಡನೇ ರೈಡ್. ಮೊದಲ ರೈಡ್ ಖಾಲಿ ಬಂದರೆ ಎರಡನೆಯದಕ್ಕೆ ಮುಖ್ಯ ರೈಡರನ್ನೇ ಕಳಿಸಿ ನಿಜವಾಗಿ ಹೊಡೆಸಿ. ಆ ಹೊತ್ತಿಗೆ ರೈಡರನ್ನು ಹಿಡಿಯುವ ಕ್ಯಾಚರ್‌ಗಳು ಇನ್ನೂ ‘ಇವನು ಬಾಕ್ ಲೈನ್ ದಾಟಿ ಹೋಗ್ತಾನೆ’ ಎಂದುಕೊಂಡೇ ನಿಂತಿರುತ್ತಾರೆ. ಡು ಆರ್ ಡೈಗೆ ಬಿಟ್ಟರೆ ಏಳೂ ಜನ ಹಿಂದಿನ ಎಂಡ್ ಲೈನಿಗೆ ಹತ್ತಿಕೊಂಡು, ಕೈ ಕೈ ಹಿಡಿದ ಚೈನ್ ಬಿಗಿಮಾಡಿಕೊಂಡು ಕಾಯುತ್ತಾರೆ. ಪುರುಷರ ಅಂಕಣದಲ್ಲಿ ಮಧ್ಯಗೆರೆಯಿಂದ ಎಂಡ್ ಲೈನಿಗೆ 6.5 ಮೀಟರ್. ಅಷ್ಟು ಒಳಗೆ ಹೋದವನು ಅಷ್ಟನ್ನೂ ವಾಪಸ್ ಬರಬೇಕು.

ಡು ಆರ್ ಡೈ ಬಂದೇ ಬಿಟ್ಟರೆ ಎದುರಿಗೆ ಎಷ್ಟು ಜನ ಇದ್ದಾರೆ ಎಣಿಸಿ. ಆರು ಅಥವಾ ಏಳು ಮಂದಿ ಇದ್ದರೆ ಬೋನಸ್ (ಬೋನಸ್ ಗೆರೆಯಾಚೆ ಕಾಲಿಟ್ಟರೆ ಸಿಗುವ ಪಾಯಿಂಟ್) ತೆರೆದಿರುತ್ತದೆ, ಬೋನಸ್ ಪಾಯಿಂಟ್ ಬಂದರೂ ರೈಡರ್ ಉಳಿಯುತ್ತಾನೆ. ಐದು ಅಥವಾ ಕಡಿಮೆ ಇದ್ದರೆ ಮುಟ್ಟಲೇಬೇಕು. ಮೂರು ಅಥವಾ ಕಡಿಮೆ ಇದ್ದರೆ ಹಿಡಿದವರಿಗೆ ಸೂಪರ್ ಟ್ಯಾಕಲ್, ಅಂದರೆ 2 ಪಾಯಿಂಟ್. ಅವರು ಅದಕ್ಕೇ ಬಾಯಿ ಬಿಟ್ಟುಕೊಂಡು ಕಾದಿರುತ್ತಾರೆ. ಮೂರೂ ಪರಿಸ್ಥಿತಿಗೆ ಒಬ್ಬನೇ ರೈಡರ್ ಸರಿಹೋಗುವುದಿಲ್ಲ.

ಇನ್ನು ಆ ಕಾಲಿನ ವಿಷಯ. ಟೋ ಟಚ್ (ಕಾಲ್ಬೆರಳಿಂದ ಮುಟ್ಟುವುದು) ಮಾಡುವವನು ಕಾಲು ಚಾಚುವುದಕ್ಕೆ ಮುಂಚೆ ಹಿಂಗಾಲಿನ ಮೇಲೆ ಭಾರ ಹಾಕಿ ಸೊಂಟ ಇಳಿಸುತ್ತಾನೆ. ಒಳ್ಳೆಯ ಕಾರ್ನರ್ (ಮೂಲೆಯ) ಆಟಗಾರ ನೋಡುವುದು ಆ ಸೊಂಟವನ್ನೇ, ಕೈಯನ್ನೋ ಮುಖವನ್ನೋ ಅಲ್ಲ. ಸೊಂಟ ಇಳಿಯಿತು ಅಂದರೆ ತನ್ನ ಪಾದ ಹಿಂದಕ್ಕೆ ಎಳೆದುಕೊಂಡು, ಚಾಚಿದ ಕಾಲು ನೆಲಕ್ಕೆ ಬೀಳುವುದಕ್ಕೂ ಆಂಕಲ್ ಹಿಡಿಯುವುದಕ್ಕೂ ಸರಿಮಾಡಿಕೊಳ್ಳುತ್ತಾನೆ. ನಿಮ್ಮ ಹುಡುಗ ಸೊಂಟ ಇಳಿಸಿದ ಮೇಲೆ ಸದಾ ಕಾಲನ್ನೇ ಚಾಚುತ್ತಿದ್ದರೆ ತಾನಾಗಿ ಸುಳಿವು ಕೊಟ್ಟಂತೆ. ಅದೇ ಸೊಂಟ ಇಳಿಸಿ, ಕಾರ್ನರ್‌ನವನು ಪಾದ ಎಳೆದುಕೊಂಡ ಕ್ಷಣಕ್ಕೆ, ಪಕ್ಕದಲ್ಲಿ, ಮೂಲೆಯಿಂದ ಒಳಕ್ಕೆ ನಿಲ್ಲುವ ಇನ್ ಅಥವಾ ಕವರ್ ಆಟಗಾರನ ಮೇಲೆ ರನ್ನಿಂಗ್ ಹ್ಯಾಂಡ್ ಟಚ್ ಹೊಡೆದರೆ? ಹೊಸ ಪಟ್ಟು ಕಲಿಯಬೇಕಾಗಿಲ್ಲ. ಒಂದೇ ಆರಂಭಕ್ಕೆ ಎರಡು ಮುಕ್ತಾಯ ಇದ್ದರೆ ಸಾಕು.

ಅಭ್ಯಾಸ ಹೀಗೆ: ಒಂದು ಮೂಲೆಯಲ್ಲಿ ಕಾರ್ನರ್, ಇನ್, ಕವರ್ ಮೂವರನ್ನು ನಿಲ್ಲಿಸಿ. ಕೋಚ್ ಅವರ ಬೆನ್ನ ಹಿಂದೆ, ಎಂಡ್ ಲೈನ್ ಆಚೆ ನಿಲ್ಲಬೇಕು. ರೈಡರ್ ಪ್ರತಿ ಸಲ ಅದೇ ಮೂರು ಹೆಜ್ಜೆಯಲ್ಲಿ ಒಳಬರಲಿ. ಕೋಚ್ ಒಂದು ಬೆರಳು ತೋರಿಸಿದರೆ ಕಾಲು, ಎರಡು ತೋರಿಸಿದರೆ ಕೈ. ರೈಡರ್‌ಗೆ ಕಾಣುತ್ತದೆ, ಕ್ಯಾಚರ್‌ಗಳಿಗೆ ಕಾಣುವುದಿಲ್ಲ. ಹತ್ತು ರೈಡ್ ಮಾಡಿಸಿ, ಪ್ರತಿ ರೈಡಿನಲ್ಲೂ ಯಾವುದು ಬರುತ್ತದೆಂದು ಕ್ಯಾಚರ್‌ಗಳು ಮೊದಲೇ ಕೂಗಲಿ. ಹತ್ತರಲ್ಲಿ ಏಳೆಂಟು ಸರಿಯಾಗಿ ಕೂಗಿದರೆ ಒಳಬರುವ ಹೆಜ್ಜೆಯಲ್ಲೋ ಕಣ್ಣಿನಲ್ಲೋ ಗುಟ್ಟು ರಟ್ಟಾಗುತ್ತಿದೆ. ಬಹಳ ಸಲ ಅದು ಕಣ್ಣೇ. ತಾನು ಮುಟ್ಟಬೇಕೆಂದಿರುವವನನ್ನೇ ದಿಟ್ಟಿಸುವುದು ಎಳೆಯ ರೈಡರ್‌ಗಳ ಅಭ್ಯಾಸ. ಇನ್ನೊಂದು ತಪ್ಪು, ಸುಳ್ಳು ಹೊಡೆತವನ್ನು ದೂರದಲ್ಲಿ ನಿಂತು ಮಾಡುವುದು. ನಿಜವಾದ ಹೊಡೆತ ಮುಟ್ಟಬಹುದಾದಷ್ಟು ಹತ್ತಿರ ಹೋಗದಿದ್ದರೆ ಯಾರೂ ಹೆದರಿ ಪಾದ ಎಳೆದುಕೊಳ್ಳುವುದಿಲ್ಲ.

25ನೇ ಸೆಕೆಂಡಿನ ಚಾಳಿಗೂ ಮದ್ದಿದೆ. ರೈಡಿಗೆ 30 ಸೆಕೆಂಡ್ ಇದೆ ಎಂದು ಕೊನೆಯ ಐದು ಸೆಕೆಂಡಿಗೇ ಹೊಡೆಯಬೇಕೆಂದಿಲ್ಲ. ಅಭ್ಯಾಸದಲ್ಲಿ ರೈಡರ್ ಮಧ್ಯಗೆರೆ ದಾಟುವ ಮುಂಚೆ ಕಿವಿಯಲ್ಲಿ ಒಂದು ಸಂಖ್ಯೆ ಹೇಳಿ: 8, 15 ಅಥವಾ 22. ಆ ಎಣಿಕೆಗೇ ಹೊಡೆಯಬೇಕು. ಎಂಟಕ್ಕೆ ಹೊಡೆಯುವ ಹುಡುಗ ಎಂದು ಒಮ್ಮೆ ಗೊತ್ತಾದರೆ ಕ್ಯಾಚರ್‌ಗಳು ಮೂವತ್ತು ಸೆಕೆಂಡೂ ಮಂಡಿ ಬಗ್ಗಿಸಿಯೇ ನಿಲ್ಲಬೇಕು. ದ್ವಿತೀಯಾರ್ಧಕ್ಕೆ ಅವರ ತೊಡೆ ಸೋತಿರುತ್ತದೆ.

ಪ್ರಶ್ನೆ: ನಮ್ಮ ಆಟ ಎದುರಾಳಿಗೆ ಗೊತ್ತಾಗಿಬಿಟ್ಟಿದೆ ಅನ್ನೋದನ್ನ ಲೆಕ್ಕದಲ್ಲಿ ತೋರಿಸಿದ್ರೆ ಮಾತ್ರ ಕ್ಯಾಪ್ಟನ್ ಒಪ್ತಾನೆ ಸರ್. ಹೇಗೆ ತೋರಿಸೋದು?
— ಕಾಲೇಜು ವಿದ್ಯಾರ್ಥಿ, ಪಾಂಡವಪುರ

ಉತ್ತರ: ಒಂದು ರೂಲ್ಡ್ ನೋಟ್‌ಬುಕ್, ಒಂದು ಪೆನ್ನು ಸಾಕು. 20 ನಿಮಿಷದ ಎರಡು ಅವಧಿಯ ಪಂದ್ಯದಲ್ಲಿ ಪ್ರತಿ ರೈಡ್ ಪೂರ್ತಿ 30 ಸೆಕೆಂಡ್ ನಡೆದರೆ ಒಟ್ಟು 80 ರೈಡ್, ನಿಮ್ಮ ಪಾಲಿಗೆ ಸುಮಾರು 40. ಅಂದರೆ ನಲವತ್ತು ಸಾಲು. ಹಳ್ಳಿ ಟೂರ್ನಮೆಂಟುಗಳಲ್ಲಿ ಸಂಘಟಕರು ಸಮಯ ಕಡಿತ ಮಾಡಿದರೆ ಸಾಲೂ ಕಡಿಮೆ.

ಪ್ರತಿ ಸಾಲಿನಲ್ಲಿ ಇಷ್ಟು ಬರೆಯಿರಿ: ರೈಡರ್‌ನ ಎದೆ ಸಂಖ್ಯೆ, ಅದು ಎಷ್ಟನೇ ರೈಡ್ (ಒಂದು, ಎರಡು, ಅಥವಾ ಡು ಆರ್ ಡೈ), ಎದುರಿಗೆ ಎಷ್ಟು ಜನ, ಯಾವ ಮೂಲೆಗೆ ಹೋದ, ಏನು ಯತ್ನಿಸಿದ, ಸುಮಾರು ಎಷ್ಟನೇ ಸೆಕೆಂಡಿಗೆ, ಫಲ ಏನು. ಒಬ್ಬರೇ ಬರೆಯಲು ಹೋದರೆ ಆಟ ತಪ್ಪಿಹೋಗುತ್ತದೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಸೆಕೆಂಡು ಎಣಿಸಲು ಕಷ್ಟವಾದರೆ ‘ಬೇಗ, ನಡು, ಕೊನೆ’ ಎಂದಾದರೂ ಬರೆಯಿರಿ. ಖಾಲಿ ರೈಡನ್ನು ಬರೆಯದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಎದುರಾಳಿ ನಿಮ್ಮನ್ನು ಓದುವುದು ಆ ಖಾಲಿ ರೈಡುಗಳಲ್ಲೇ.

ಒಂದು ಪಂದ್ಯ ಸಾಲದು, ಮೂರು ಪಂದ್ಯದ್ದು ಬರೆದಿಡಿ. ಆಮೇಲೆ ಡು ಆರ್ ಡೈ ಸಾಲುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಅಲ್ಲಿ ಒಂದೇ ಎದೆ ಸಂಖ್ಯೆ, ಒಂದೇ ಮೂಲೆ ಸಾಲುಸಾಲಾಗಿ ಕಂಡರೆ ಕ್ಯಾಪ್ಟನ್ ಮುಂದೆ ಆ ಹಾಳೆ ಇಡಿ, ಮಾತು ಬೇಕಾಗುವುದಿಲ್ಲ. ಎದುರಾಳಿಯ ಲೆಕ್ಕವನ್ನೂ ಇದೇ ರೀತಿ ಬರೆಯಬಹುದು. ದಸರಾ ಕ್ರೀಡಾಕೂಟದ ಪಂದ್ಯಗಳು ಇದಕ್ಕೆ ಒಳ್ಳೆಯ ಪಾಠಶಾಲೆ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಫುಟ್‌ಬಾಲ್ ನೋಡಿ ಅವನೂ ಇದೇ ಗೋಳು ಹೇಳುತ್ತಾನೆ. ‘ಅಪ್ಪಾ, ಓಟ, ಓಟ, ಎಸೆತ, ಅಷ್ಟೇ ನಮ್ಮ ಟೀಮು’ ಅಂತಾನೆ. ಏನಿದರ ಅರ್ಥ?
— ನಿವೃತ್ತ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಮಗನ ಸಂಕಟ ನಮ್ಮ ಮದ್ದೂರಿನವರದ್ದೇ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ಮಾಡುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಯತ್ನ. ನಾಲ್ಕನೆಯದನ್ನು ಬಹಳ ಸಲ ಚೆಂಡನ್ನು ದೂರ ಒದ್ದು ಕೊಡಲು ಬಳಸುವುದರಿಂದ ನಿಜಕ್ಕೂ ಕೈಯಲ್ಲಿರುವುದು ಮೂರು. ಮೊದಲ ಯತ್ನದಲ್ಲಿ ಚೆಂಡು ಹಿಡಿದು ಓಡಿ 2 ಗಜ, ಎರಡನೆಯದರಲ್ಲೂ ಓಡಿ 1 ಗಜ ಬಂದರೆ, ಮೂರನೆಯದಕ್ಕೆ 7 ಗಜ ಬಾಕಿ. ಇಷ್ಟು ದೂರಕ್ಕೆ ಎಸೆಯಲೇಬೇಕು ಎಂದು ಮೈದಾನಕ್ಕೆಲ್ಲ ಗೊತ್ತು. ರಕ್ಷಣೆಯವರು ಎಸೆಯುವವನ ಮೇಲೆ ಮುಗಿಬೀಳುತ್ತಾರೆ. ನಮ್ಮ ಡು ಆರ್ ಡೈ ಅಂದರೆ ಇದೇ ತಾನೆ?

ಅಲ್ಲಿ ಯಾವ ಆಟ ಆಡಬೇಕೆಂದು ಆರಿಸುವುದಕ್ಕೆ ಪ್ಲೇ ಕಾಲಿಂಗ್ ಎನ್ನುತ್ತಾರೆ. ಹೆಚ್ಚಿನ ತಂಡಗಳಲ್ಲಿ ಅದು ಮುಖ್ಯ ಕೋಚ್ ಅಥವಾ ದಾಳಿಯ ಕೋಚ್ ಮಾಡುವ ಕೆಲಸ. ಅಲ್ಲಿಯ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನಲ್ಲಿರುವ ರೇಡಿಯೋ ಮೂಲಕ ಹೇಳುತ್ತಾರೆ. ಹಾಗಾಗಿ ಅಭಿಮಾನಿಗಳ ಸಿಟ್ಟು ನೇರವಾಗಿ ಆ ಕೋಚ್ ಮೇಲೆ. ಪರಿಹಾರವೂ ನಮ್ಮದೇ: ಮೊದಲ ಯತ್ನದಲ್ಲೇ, ಯಾರೂ ಕಾಯದಿರುವಾಗ ಎಸೆಯುವುದು. ಇನ್ನೊಂದು ‘ಪ್ಲೇ ಆಕ್ಷನ್’, ಅಂದರೆ ಓಡುವವನ ಕೈಗೆ ಚೆಂಡು ಕೊಟ್ಟಂತೆ ಮಾಡಿ ಕೊಡದೆ ಎಸೆಯುವುದು. ಸೊಂಟ ಇಳಿಸಿ ಕಾಲು ಚಾಚದೆ ಕೈ ಹೊಡೆದ ಹಾಗೆ. ಅಲ್ಲಿಯ ತಂಡಗಳು ಪಾಂಡವಪುರದ ವಿದ್ಯಾರ್ಥಿ ಕೇಳಿದ ಲೆಕ್ಕವನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತವೆ. ಯಾವ ಯತ್ನದಲ್ಲಿ ಎಷ್ಟು ಸಲ ಓಡಿದೆವು, ಎಷ್ಟು ಸಲ ಎಸೆದೆವು ಎಂದು ಎಣಿಸಿ ನೋಡಿಕೊಳ್ಳುವ ಸಹಾಯಕರೇ ಇರುತ್ತಾರೆ.

ಪ್ರಶ್ನೆ: ನಮ್ಮ ಮಹಿಳಾ ತಂಡ ಬೋನಸ್ ಒಂದನ್ನೇ ನಂಬಿದೆ. ಈಗ ಅಂಪೈರ್ ಬೋನಸ್ ಕೊಡುವುದೂ ಅಪರೂಪ. ಬೋನಸ್ ಬಂದರೂ ಹೊರಗೆ ಕೂತ ನಮ್ಮ ಮುಖ್ಯ ರೈಡರ್ ಒಳಗೆ ಬರುವುದಿಲ್ಲ.
— ಕೆ.ಆರ್. ಪೇಟೆ

ಉತ್ತರ: ಕೊನೆಯ ಮಾತಿನಲ್ಲೇ ಉತ್ತರವಿದೆ. ಬೋನಸ್‌ನಿಂದ ಅಂಕ ಬರುತ್ತದೆ, ಔಟಾದವರು ವಾಪಸ್ ಬರುವುದಿಲ್ಲ. ಎದುರಾಳಿಯ ಒಬ್ಬರು ಔಟಾದರೆ ಮಾತ್ರ ನಿಮ್ಮ ಒಬ್ಬರು ಒಳಬರುತ್ತಾರೆ, ಅದೂ ಔಟಾದ ಕ್ರಮದಲ್ಲೇ. ನಿಮ್ಮ ಮುಖ್ಯ ರೈಡರ್ ಮೂರನೆಯವರಾಗಿ ಔಟಾಗಿದ್ದರೆ ಅವರಿಗಿಂತ ಮುಂಚೆ ಇಬ್ಬರು ಬರಬೇಕು. ಅವರು ಹೊರಗಿರುವಾಗ ಬೋನಸ್‌ಗೆ ಓಡುವುದು ಬಿಡಿ, ಕೈ ಅಥವಾ ಕಾಲು ಮುಟ್ಟಿಸುವ ರೈಡ್ ಆಡಿ.

ಅಂಪೈರ್ ಕೊಡದಿರುವುದಕ್ಕೆ ಸಾಮಾನ್ಯ ಕಾರಣ ಹಿಂಗಾಲು. ಮಹಿಳೆಯರ ಅಂಕಣದಲ್ಲಿ ಬಾಕ್ ಲೈನ್ ಮಧ್ಯಗೆರೆಯಿಂದ 3 ಮೀಟರ್, ಬೋನಸ್ ಗೆರೆ 4 ಮೀಟರ್. ಮುಂಗಾಲು ಬೋನಸ್ ಗೆರೆಯಾಚೆ ನೆಲ ಮುಟ್ಟುವಾಗ ಹಿಂಗಾಲು ಗಾಳಿಯಲ್ಲಿರಬೇಕು. ಸುಸ್ತಾದಾಗ ಹಿಂಗಾಲಿನ ಹೆಬ್ಬೆರಳು ನೆಲ ಸವರುತ್ತದೆ, ಅಷ್ಟಕ್ಕೇ ಬೋನಸ್ ಹೋಯಿತು. ಹಿಂಗಾಲಿನ ಕೆಳಗೆ ಒಂದು ಗೇಣು ಎತ್ತರಕ್ಕೆ ತೆಳು ದಾರ ಹಿಡಿದು ಅಭ್ಯಾಸ ಮಾಡಿಸಿ. ಗಟ್ಟಿಯಾಗಿ ಕಟ್ಟಬೇಡಿ, ತಾಗಿದರೆ ಕೈಯಿಂದ ಜಾರಬೇಕು.

ಪ್ರಶ್ನೆ: ಪ್ರದೀಪ್ ನರ್ವಾಲ್ ಡುಬ್ಕಿ ಹೊಡೀತಾರೆ ಅಂತ ಇಡೀ ದೇಶಕ್ಕೇ ಗೊತ್ತಿತ್ತು. ಆದ್ರೂ ಅವರು ಪಾಯಿಂಟ್ ತಂದ್ರು. ಹಾಗಿದ್ಮೇಲೆ ಗೊತ್ತಾಗೋದ್ರಲ್ಲಿ ತಪ್ಪೇನಿದೆ?
— ನಾಗಮಂಗಲ

ಉತ್ತರ: ಒಳ್ಳೆಯ ಪ್ರಶ್ನೆ. ಪ್ರೊ ಕಬಡ್ಡಿಯಲ್ಲಿ 1000 ರೈಡ್ ಪಾಯಿಂಟ್ ದಾಟಿದ ಮೊದಲ ಆಟಗಾರ ಅವರು. ಡುಬ್ಕಿ ಇದೆ ಎಂದು ಗೊತ್ತಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. ಕ್ಯಾಚರ್‌ಗಳು ಮುನ್ನುಗ್ಗಿ ಚೈನ್ ಎತ್ತರಕ್ಕೆ ಬಂದಾಗ ಅದರಡಿ ತೂರುವುದು ಡುಬ್ಕಿ. ಅದಕ್ಕೆ ಹೆದರಿ ಚೈನ್ ತಗ್ಗಿಸಿ ನಿಂತರೆ ಮೇಲಿಂದ ಕೈ ಮುಟ್ಟಿಸುವುದು ಸಲೀಸು. ಒಬ್ಬನನ್ನೇ ನಂಬಿದರೆ ಸೋಲೇ ಎಂಬುದೂ ಪೂರ್ತಿ ನಿಜವಲ್ಲ. 2019ರ ಜನವರಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. ಆದರೆ ಒಬ್ಬರೇ ಹೋದರೂ ಪ್ರತಿ ಸಲ ಬೇರೆ ಬೇರೆ ಹೊಡೆತ ಹೊಡೆಯಬಲ್ಲವರು ಅವರು. ನಿಮ್ಮ ತಂಡದಲ್ಲಿ ಅಂಥವರಿದ್ದರೆ ಧಾರಾಳವಾಗಿ ಕಳಿಸಿ.

ಪ್ರಶ್ನೆ: ಐದಾರು ಪಾಯಿಂಟ್ ಮುಂದಿದ್ದರೂ ನಮ್ಮವರು ಕೊನೇಲಿ ಬರೀ ಖಾಲಿ ರೈಡ್ ಮಾಡ್ತಾರೆ. ನಾವು ಹೊರಗಿಂದ ‘ಬಲಗಡೆ ಹೊಡಿ, ಬಲಗಡೆ ಹೊಡಿ’ ಅಂತ ಗಂಟಲು ಹರ್ಕೊಂಡ್ರೂ ಕೇಳಲ್ಲ.
— ಯುವಕರ ಬಳಗ, ಮಳವಳ್ಳಿ

ಉತ್ತರ: ಈ ವಿಷಯದಲ್ಲಿ ತಂಡದ ಪರ ನಾವು. ಕೊನೆಯ ಮೂರು ನಿಮಿಷದಲ್ಲಿ ಐದಾರು ಪಾಯಿಂಟ್ ಮುಂದಿದ್ದರೆ ಪೂರ್ತಿ ಸಮಯ ತೆಗೆದುಕೊಂಡು ಬಾಕ್ ಲೈನ್ ದಾಟಿ ಬರುವುದು ಸರಿಯಾದ ಆಟ. ಮೂರು ನಿಮಿಷಕ್ಕೆ ಆರೇ ರೈಡ್, ಅದರಲ್ಲಿ ಎದುರಾಳಿಯ ಪಾಲು ಮೂರು. ತಪ್ಪಾಗುವುದು ಇದನ್ನೇ ಹತ್ತು ನಿಮಿಷ ಮುಂಚೆ ಶುರುಮಾಡಿದಾಗ. ಆಗ ಡು ಆರ್ ಡೈಗಳು ಮೇಲಿಂದ ಮೇಲೆ ಬರುತ್ತವೆ, ಒಬ್ಬೊಬ್ಬರೇ ಔಟಾಗಿ ಅಂಕಣ ಖಾಲಿಯಾಗುತ್ತದೆ, ಆಲ್ ಔಟ್ ಆದರೆ ಎದುರಾಳಿಗೆ ಇನ್ನೂ 2 ಪಾಯಿಂಟ್.

ಇನ್ನು ‘ಬಲಗಡೆ ಹೊಡಿ’ ಎಂದು ನೀವು ಕೂಗಿದ್ದು ಬಲಗಡೆ ನಿಂತ ಕ್ಯಾಚರ್‌ಗೂ ಕೇಳಿಸುತ್ತದೆ. ರೈಡರ್ ಒಳಗಿರುವಾಗ ಬರೀ ಹುರಿದುಂಬಿಸಿ. ಮೂಲೆಯ ಹೆಸರನ್ನು ಮಾತ್ರ ದಯವಿಟ್ಟು ಕೂಗಬೇಡಿ.