ಇ ಆ್ಯಂಡ್ ಸಿ ಓದಿ ಖಗೋಳದ ಕಡೆಗೆ: ಜರ್ಮನಿಯ ದಾರಿ

ನೀವು ಕೇಳಿದ್ದು ಎರಡು. ಬಿ.ಇ. ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್ (ಇ ಆ್ಯಂಡ್ ಸಿ) ಮುಗಿಸಿದವರು ಜರ್ಮನಿಯಲ್ಲಿ ಖಗೋಳಶಾಸ್ತ್ರದ ಕಡೆ ಹೊರಳಬಹುದೇ? ಇಲ್ಲಿನ ಖರ್ಚು, ಬದುಕು ಹೇಗೆ?

ಹೊರಳಬಹುದು. ಆದರೆ ‘ಆಸ್ಟ್ರೊಫಿಸಿಕ್ಸ್’ ಎಂಬ ಹೆಸರಿನ ಹಿಂದೆ ಬಿದ್ದರೆ ಅರ್ಜಿ ಮೊದಲ ಜರಡಿಯಲ್ಲೇ ಉದುರುತ್ತದೆ. ಬಾನ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಆಸ್ಟ್ರೊಫಿಸಿಕ್ಸ್‌ನಂಥ ಕೋರ್ಸ್‌ಗಳಿಗೆ ಭೌತಶಾಸ್ತ್ರದ ಪದವಿ ಬೇಕು. ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ಎಷ್ಟು ಕ್ರೆಡಿಟ್ ಓದಿದ್ದೀರಿ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಬಿ.ಇ.ಯಲ್ಲಿರುವ ಮೊದಲ ವರ್ಷದ ಭೌತಶಾಸ್ತ್ರ ಅದಕ್ಕೆ ಏನೇನೂ ಸಾಲದು. ನಿಮ್ಮ ಸಿಜಿಪಿಎ ಎಷ್ಟೇ ಚೆನ್ನಾಗಿದ್ದರೂ ಈ ಕೊರತೆ ತುಂಬುವುದಿಲ್ಲ.

ಹಾಗಾಗಿ ಖಗೋಳಕ್ಕೆ ಉಪಕರಣ ಕಟ್ಟುವವರಾಗಿ ಹೋಗಿ: ಮೊದಲು ಉಪಕರಣ ಆರಿಸಿಕೊಳ್ಳಿ, ಕೋರ್ಸ್ ಆಮೇಲೆ. ಮೆಕ್ಯಾನಿಕಲ್‌ನವರಿಗೆ ಕನ್ನಡಿ, ಕ್ರಯೋಸ್ಟಾಟ್‌ಗಳ (ಉಪಕರಣವನ್ನು ಅತಿ ತಣ್ಣಗಿಡುವ ಪಾತ್ರೆ) ಕೆಲಸವಿದೆ. ಚಿಲಿಯಲ್ಲಿ ಕಟ್ಟುತ್ತಿರುವ 39 ಮೀಟರಿನ ಇಎಲ್‌ಟಿ ದೂರದರ್ಶಕದ ಮುಖ್ಯ ಕನ್ನಡಿ 798 ತುಂಡುಗಳದ್ದು. ಅವನ್ನೆಲ್ಲ ಒಂದೇ ಮೈಯಾಗಿ ಹಿಡಿದಿಡುವುದು ಅಪ್ಪಟ ಎಂಜಿನಿಯರಿಂಗ್. ಇ ಆ್ಯಂಡ್ ಸಿಯವರಿಗೆ ಸಹಜವಾದ ಬಾಗಿಲು, ಆಕಾಶದಿಂದ ಬರುವ ರೇಡಿಯೊ ತರಂಗಗಳನ್ನು ಹಿಡಿದು ಓದುವ ರೇಡಿಯೊ ಖಗೋಳ. ಬಾನ್‌ನ ಮ್ಯಾಕ್ಸ್ ಪ್ಲಾಂಕ್ ರೇಡಿಯೊ ಖಗೋಳ ಸಂಸ್ಥೆ ಎಫೆಲ್ಸ್‌ಬರ್ಗ್‌ನಲ್ಲಿ 100 ಮೀಟರ್ ಡಿಶ್ ನಡೆಸುತ್ತದೆ, ರಿಸೀವರ್‌ಗಳನ್ನು ತಾನೇ ಕಟ್ಟುತ್ತದೆ. ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕಕ್ಕೆ ಎಸ್-ಬ್ಯಾಂಡ್ ಎಂಬ ಆವರ್ತನ ಪಟ್ಟಿಯ ರಿಸೀವರ್ ಹೋದದ್ದೂ ಅಲ್ಲಿಂದಲೇ. ಮೈಕ್ರೊವೇವ್, ಎಫ್‌ಪಿಜಿಎ (ಬೇಕಾದಂತೆ ಮರುಜೋಡಿಸಬಹುದಾದ ಚಿಪ್), ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಸಂಸ್ಕರಣೆ) ಬಲ್ಲವರಿಗೆ ಇಂಥ ಕಡೆ ಕೆಲಸವಿರುತ್ತದೆ.

ದಾರಿ ಹೀಗೆ: ಎಲೆಕ್ಟ್ರಿಕಲ್ ಅಥವಾ ಕಮ್ಯುನಿಕೇಶನ್ ಎಂಜಿನಿಯರಿಂಗ್‌ನಲ್ಲಿ 120 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿಗೆ ಸೇರಿ, ಹೈ-ಫ್ರೀಕ್ವೆನ್ಸಿ ವಿಷಯಗಳನ್ನು ಆರಿಸಿ, ಕೊನೆಯ ಆರು ತಿಂಗಳ 30 ಕ್ರೆಡಿಟ್ ಥೀಸಿಸನ್ನು ಖಗೋಳ ಸಂಸ್ಥೆಯಲ್ಲಿ ಮಾಡಿ. ಎಡವುವುದು ಇಲ್ಲೇ. ಹೊರಗಿನ ಸಂಸ್ಥೆ ಒಪ್ಪಿದರೆ ಸಾಲದು, ನಿಮ್ಮದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಪರೀಕ್ಷಕರಾಗಿ ಒಪ್ಪಬೇಕು. ಎರಡನೇ ಸೆಮಿಸ್ಟರ್‌ನಲ್ಲೇ ಅವರನ್ನು ಹುಡುಕಿಕೊಳ್ಳಿ.

ಊರು ಬಿಡುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಒತ್ತಿ ಹೇಳುತ್ತೇನೆ: ಆಕಾಶದ ಹೈಡ್ರೋಜನ್ ಅನಿಲ ಹೊರಸೂಸುವ 1420 ಮೆಗಾಹರ್ಟ್ಸ್‌ನ ರೇಡಿಯೊ ಸಂಕೇತವನ್ನು (ಹೈಡ್ರೋಜನ್ ರೇಖೆ) ನೀವೇ ಹಿಡಿಯಿರಿ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೊ ರಿಸೀವರ್), ಲೋ ನಾಯ್ಸ್ ಆಂಪ್ಲಿಫೈಯರ್, ಬೇಕಾದ ಆವರ್ತನವನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್, ತಗಡಿನ ಹಾರ್ನ್ (ಕಹಳೆಯಾಕಾರದ ಆ್ಯಂಟೆನಾ) ಸಾಕು. ಆಂಪ್ಲಿಫೈಯರ್ ಹಾರ್ನ್‌ನ ಬುಡಕ್ಕೇ ಅಂಟಿಕೊಂಡಿರಬೇಕು. ಅದಕ್ಕೂ ಮೊದಲು 3 ಡಿಬಿ ನಷ್ಟದ ಕೇಬಲ್ ಹಾಕಿದರೆ ಕೇಬಲ್ ಒಂದೇ ಸುಮಾರು 290 ಕೆಲ್ವಿನ್ ನಾಯ್ಸ್ (ಇಲ್ಲಿ ನಾಯ್ಸನ್ನು ತಾಪದ ಲೆಕ್ಕದಲ್ಲೇ ಅಳೆಯುತ್ತಾರೆ) ಸೇರಿಸುತ್ತದೆ, ಆಕಾಶದ ಕೆಲವೇ ಕೆಲ್ವಿನ್ ಅದರಲ್ಲಿ ಮುಳುಗಿಹೋಗುತ್ತದೆ. ಹತ್ತಿರದ ಮೊಬೈಲ್ ಟವರ್ ಆಂಪ್ಲಿಫೈಯರನ್ನೇ ಉಸಿರುಗಟ್ಟಿಸಬಹುದು. ಹಾಗಾದರೆ ಫಿಲ್ಟರನ್ನು ಆಂಪ್ಲಿಫೈಯರ್‌ಗಿಂತ ಮೊದಲು ಜೋಡಿಸಿ, ನಾಯ್ಸ್ ತುಸು ಏರುವುದನ್ನು ಒಪ್ಪಿಕೊಳ್ಳಿ. ಹಾರ್ನನ್ನು ಒಮ್ಮೆ ನೆಲಕ್ಕೆ, ಒಮ್ಮೆ ಬರಿ ಆಕಾಶಕ್ಕೆ ತಿರುಗಿಸಿ ಎರಡೂ ಕಡೆ ಸಿಕ್ಕ ಸಂಕೇತದ ಶಕ್ತಿಯ ಅನುಪಾತದಿಂದ ಸಿಸ್ಟಂ ತಾಪ, ಅಂದರೆ ಇಡೀ ವ್ಯವಸ್ಥೆಯ ಒಟ್ಟು ನಾಯ್ಸ್, ಲೆಕ್ಕ ಹಾಕಿ. ಈ ಒಂದು ಸಂಖ್ಯೆಯನ್ನು ದೋಷದ ಅಂದಾಜಿನ ಸಮೇತ ಕೊಟ್ಟ ಎರಡು ಪುಟದ ವರದಿ, ಹತ್ತು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ. ಕರ್ನಾಟಕದಲ್ಲೇ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವಿದೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ವಿದ್ಯಾರ್ಥಿಗಳನ್ನು ಪ್ರಾಜೆಕ್ಟ್‌ಗೆ ತೆಗೆದುಕೊಳ್ಳುತ್ತದೆ. ಅಲ್ಲಿ ಕೇಳದೆ ವಿಮಾನ ಹತ್ತಬೇಡಿ.

ಇನ್ನು ಕಾಗದಪತ್ರ. 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ (ನಮ್ಮ ಪದವಿ, ಅಂಕಪಟ್ಟಿಗಳು ಅಸಲಿ ಎಂಬ ದೃಢೀಕರಣ) ಕಡ್ಡಾಯ, ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಅಂಕವನ್ನು ಜರ್ಮನ್ ಗ್ರೇಡ್‌ಗೆ ಇಳಿಸುವಾಗ ಕನಿಷ್ಠ ಪಾಸ್ ಅಂಕವೂ ಲೆಕ್ಕಕ್ಕೆ ಬರುತ್ತದೆ. ಹತ್ತಕ್ಕೆ 8 ಸಿಜಿಪಿಎ ಇದ್ದವರಿಗೆ ಪಾಸ್ 4 ಎಂದಾದರೆ 2.0, ಪಾಸ್ 5 ಎಂದಾದರೆ 2.2 ಬರುತ್ತದೆ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಆದ್ದರಿಂದ ಪಾಸ್ ಅಂಕ ಸ್ಪಷ್ಟವಾಗಿರುವ ಪತ್ರವನ್ನು ವಿಶ್ವವಿದ್ಯಾಲಯದಿಂದ ಪಡೆದುಕೊಳ್ಳಿ, ಪ್ರತಿ ವಿಷಯದ ಪಠ್ಯಕ್ರಮದ ಪ್ರತಿಯನ್ನೂ ಇಟ್ಟುಕೊಳ್ಳಿ.

ಹಣದ ವಿಷಯ. ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಚ್ಚಿನ ಸ್ನಾತಕೋತ್ತರ ಕೋರ್ಸ್‌ಗಳಿಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೊ. ವೀಸಾಕ್ಕೆ 2024ರ ಸೆಪ್ಟೆಂಬರಿನಿಂದ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೊ ಇಡಬೇಕು, ತಿಂಗಳಿಗೆ ಸಿಗುವುದು 992. ಬಂದ ಕೂಡಲೇ ಆ ಹಣ ಕೈಗೆ ಬರುವುದಿಲ್ಲ. ಮನೆ ಸಿಕ್ಕು, ವಿಳಾಸ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆಯುವ ಹೊತ್ತಿಗೆ ವಾರಗಳು ಕಳೆದಿರುತ್ತವೆ. ಮನೆಯ ಮಾಲೀಕರು ಮೂಲ ಬಾಡಿಗೆಯ ಮೂರು ಪಟ್ಟಿನವರೆಗೆ ಠೇವಣಿ ಕೇಳಬಹುದು. ಅದನ್ನು ಪ್ರತ್ಯೇಕವಾಗಿ ತನ್ನಿ. ಮಾಲೀಕರು ಸಹಿ ಹಾಕಿದ ವಾಸದ ದೃಢೀಕರಣ ಕೊಡದ ಕೋಣೆ ಎಷ್ಟೇ ಅಗ್ಗವಿದ್ದರೂ ಬೇಡ, ಅದಿಲ್ಲದೆ ನೋಂದಣಿ ಆಗುವುದಿಲ್ಲ.

ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವಿದ್ಯಾರ್ಥಿ ಸಹಾಯಕರಾದರೆ ಆ ಮಿತಿ ಅನ್ವಯಿಸುವುದಿಲ್ಲ. ಗೋದಾಮಿನಲ್ಲಿ ಡಬ್ಬ ಎತ್ತುವ ಬದಲು ಅಲ್ಲಿ ಸೋಲ್ಡರಿಂಗ್ ಮಾಡಿ. ಥೀಸಿಸ್‌ಗೆ ಬೇಕಾದ ಪ್ರಾಧ್ಯಾಪಕರು ಸಿಗುವುದೂ ಅಲ್ಲೇ. ಲ್ಯಾಬಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ವರ್ಕ್‌ಶಾಪಿನ ತಂತ್ರಜ್ಞರ ಜತೆ ಜರ್ಮನ್ ಬೇಕು. ದಿನನಿತ್ಯದ ಮಾತಿಗೆ ಸಾಕಾಗುವ ಬಿ1 ಮಟ್ಟದ ಜರ್ಮನ್ ಮುಗಿಸಿಕೊಂಡೇ ಬಂದರೆ ಮೊದಲ ಚಳಿಗಾಲ ಹಗುರವಾಗುತ್ತದೆ.

ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಕಾಯಂ ಹುದ್ದೆಯ ಆಸೆಯ ಮೇಲೆ ಮಾತ್ರ ಲೆಕ್ಕ ಕಟ್ಟಬೇಡಿ. ಅವು ಮುಖ್ಯವಾಗಿ ಸದಸ್ಯ ದೇಶಗಳ ಪೌರರಿಗೆ, ಭಾರತ ಸದಸ್ಯ ದೇಶವಲ್ಲ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಲ್ಲಿ ಆ ತಡೆಯಿಲ್ಲ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ.